ಇರು, ಮಾಡು, ಹಾಕು: ಇಂಗ್ಲಿಷ್ ಕ್ರಿಯಾಪದ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮೂರು ಗಂಗಾವತಿ ತಾಲ್ಲೂಕಿನಲ್ಲಿ, ಆನೆಗುಂದಿ ಹತ್ತಿರ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮತ್ತು ರೂಮು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಹೊರದೇಶದವರು ಬಂದು ಇಳಿದುಕೊಳ್ಳುತ್ತಾರೆ. ಪುಸ್ತಕ ತಂದು ಗೋ-ವೆಂಟ್-ಗಾನ್ ಪಟ್ಟಿಯಲ್ಲಿ ನೂರರ ತನಕ ಬಾಯಿಪಾಠ ಮಾಡಿದೆ. ಆದರೆ ಅವರ ಎದುರು ನಿಂತರೆ ಒಂದು ವಾಕ್ಯವೂ ಬಾಯಿಗೆ ಬರುವುದಿಲ್ಲ. ಎಷ್ಟು ಕ್ರಿಯಾಪದ ಕಲಿಯಬೇಕು, ಯಾವುದು ಮೊದಲು, ಯಾವುದು ಆಮೇಲೆ? ದಿನಕ್ಕೆ ಅರ್ಧ ತಾಸು ಬಿಡುವು ಸಿಗುತ್ತದೆ.

ಉತ್ತರ: ಮೊದಲು ಆ ಪಟ್ಟಿಯನ್ನು ಮಡಚಿ ಒಂದು ತಿಂಗಳು ಪಕ್ಕಕ್ಕಿಡಿ. ನೀವು ಕಲಿತ ನೂರು ಪದ ದಂಡವಾಗಿಲ್ಲ, ಐದನೇ ವಾರದಿಂದ ಕೆಲಸಕ್ಕೆ ಬರುತ್ತವೆ. ಈಗ ಬಾಯಿ ಕಟ್ಟುತ್ತಿರುವುದು ಪದ ಕಡಿಮೆಯಾಗಿ ಅಲ್ಲ. ಪಟ್ಟಿಯಲ್ಲಿ 'ಗೋ' ಎಂದರೆ ಹೋಗು ಎಂದಷ್ಟೇ ಇರುತ್ತದೆ. ಹೋಗುವವರು ಯಾರು, ಯಾವಾಗ, ಹೋದರೋ ಇಲ್ಲವೋ ಎಂಬುದು ಅದರಲ್ಲಿ ಇರುವುದಿಲ್ಲ. ಅತಿಥಿಯ ಎದುರು ನಿಂತಾಗ ನಿಮ್ಮ ತಲೆಯಲ್ಲಿ ಮೊದಲು ಹುಟ್ಟುವುದು ಇಡೀ ಕನ್ನಡ ವಾಕ್ಯ. ಅದನ್ನು ಪದ ಪದ ಬಿಡಿಸಿ ಇಂಗ್ಲಿಷ್ ಪದ ಕೂಡಿಸಲು ಹೋದಾಗ ಸಿಕ್ಕಿಬೀಳುತ್ತೀರಿ, ಏಕೆಂದರೆ ನಮ್ಮ ಒಂದು ಕ್ರಿಯಾಪದ ಇಂಗ್ಲಿಷಿಗೆ ಹೋಗುವಾಗ ಎರಡಾಗಿ, ಐದಾಗಿ, ಎಂಟಾಗಿ ಒಡೆಯುತ್ತದೆ. ಎಲ್ಲೆಲ್ಲಿ ಒಡೆಯುತ್ತದೆ ಎಂದು ಗೊತ್ತಾದರೆ 40 ಕ್ರಿಯಾಪದಗಳಲ್ಲಿ ನಿಮ್ಮ ಹೋಮ್‌ಸ್ಟೇಯ ಮಾತು ಬಹುಪಾಲು ನಡೆಯುತ್ತದೆ. ಅದಕ್ಕೆ ಎಂಟು ವಾರ ಇಟ್ಟುಕೊಳ್ಳಿ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್, ಥಿಂಕ್, ಟೇಕ್, ಸೀ, ಕಮ್ ಇವೆಲ್ಲ ಕೊನೆಗೆ 'ಎಡ್' ಹಚ್ಚಿಕೊಳ್ಳದೆ ರೂಪವನ್ನೇ ಬದಲಿಸುವಂಥವು. ಆದ್ದರಿಂದ ಸುಲಭದ್ದನ್ನು ಮೊದಲು ಕಲಿತು ಕಷ್ಟದ್ದನ್ನು ಆಮೇಲೆ ನೋಡೋಣ ಎನ್ನುವ ಹಾಗಿಲ್ಲ. ಆದರೆ ಇವು ಎಷ್ಟು ಸಲ ಕಿವಿಗೆ ಬೀಳುತ್ತವೆ ಎಂದರೆ, ಸರಿಯಾದ ವಾಕ್ಯದಲ್ಲಿ ಒಮ್ಮೆ ಕೂತರೆ ಮತ್ತೆ ಮರೆಯುವುದಿಲ್ಲ.

ಮೊದಲ ವಾರ ಪೂರ್ತಿ 'ಇರು' ಒಂದಕ್ಕೇ ಕೊಡಿ. ಇದು ಇಂಗ್ಲಿಷಿನಲ್ಲಿ ಮೂರು ದಾರಿ ಹಿಡಿಯುತ್ತದೆ. 'ನೀರು ಬಿಸಿ ಐತಿ' ಎಂಬುದು 'ದ ವಾಟರ್ ಈಸ್ ಹಾಟ್'. 'ನನಗ ಇಬ್ಬರು ಅಣ್ಣಾರು ಅದಾರ' ಎಂಬುದು 'ಐ ಹ್ಯಾವ್ ಟು ಬ್ರದರ್ಸ್'. 'ಅಂಜನಾದ್ರಿಗೆ 575 ಮೆಟ್ಟಿಲು ಅದಾವು' ಎಂಬುದು 'ದೇರ್ ಆರ್ 575 ಸ್ಟೆಪ್ಸ್'. ಹೇಗಿದೆ, ಎಲ್ಲಿದೆ, ಏನು ಎಂದು ಹೇಳುವುದಾದರೆ ಆಮ್, ಈಸ್, ಆರ್. ಯಾರ ಹತ್ತಿರ ಏನಿದೆ ಎನ್ನುವುದಾದರೆ ಹ್ಯಾವ್, ಹ್ಯಾಸ್. ಇಂಥದ್ದೊಂದು ಇದೆ ಎಂದು ಕೇಳುವವರಿಗೆ ಮೊದಲ ಸಲ ತಿಳಿಸುವುದಾದರೆ ದೇರ್ ಈಸ್, ದೇರ್ ಆರ್. ಈ ಮೂರನ್ನು ಕಲಸಿದಾಗಲೇ 'ಟು ಮಿ ಟು ಬ್ರದರ್ಸ್ ಆರ್ ದೇರ್' ಎಂಬಂಥ ವಾಕ್ಯ ಹುಟ್ಟುತ್ತದೆ.

ಇನ್ನೊಂದು ಕಡೆ ಕನ್ನಡದಲ್ಲಿ ಕ್ರಿಯಾಪದವೇ ಬೇಕಾಗುವುದಿಲ್ಲ. 'ನಾನು ಆನೆಗುಂದಿಯಾಕಿ', 'ಇದು ನಮ್ಮ ಮನಿ', 'ಅವರು ಡಾಕ್ಟರ್' ಇವು ನಮಗೆ ಪೂರ್ತಿ ವಾಕ್ಯಗಳು. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. 'ಐ ಫ್ರಮ್ ಆನೆಗುಂದಿ' ಎನ್ನುವ ತಪ್ಪು ಬರುವುದು ಇಲ್ಲಿಂದ. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದ ಕಾಣಲಿಲ್ಲವೆಂದರೆ ಇಂಗ್ಲಿಷಿನಲ್ಲಿ ಆಮ್, ಈಸ್, ಆರ್ ಒಂದನ್ನು ಇಡಲೇಬೇಕು ಎಂದು ನೆನಪಿಡಿ. ಇದರ ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. ಶಾಲೆಯಲ್ಲಿ 'ಐ ಆಮ್' ಎಂದು ಕೂಡಿಸಿಯೇ ಕಲಿತಿರುವುದರಿಂದ ನಾನು ಎಂದರೆ 'ಐ ಆಮ್' ಎಂದು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಆಗ 'ಐ ಆಮ್ ಗೋ', 'ಐ ಆಮ್ ಲೈಕ್ ಟೀ' ಎಂದು ಬರುತ್ತದೆ. ನಾನು ಎಂದರೆ 'ಐ' ಅಷ್ಟೇ. ಮುಂದೆ ಬೇರೆ ಕ್ರಿಯಾಪದ ಇದ್ದರೆ ಆಮ್ ಬೇಡ: 'ಐ ಗೋ', 'ಐ ಲೈಕ್ ಟೀ'.

'ನನಗೆ' ಎಂದು ಶುರುವಾಗುವ ವಾಕ್ಯಗಳನ್ನು ಬೇರೆಯಾಗಿ ಕಲಿಯಬೇಕು. ನನಗೆ ಬೇಕು, ನನಗೆ ಗೊತ್ತು, ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಕನ್ನಡ ಬರುತ್ತದೆ, ನನಗೆ ಈಜು ಬರುತ್ತದೆ. ಇಂಗ್ಲಿಷಿನಲ್ಲಿ ಈ 'ನನಗೆ' ಎಲ್ಲ 'ಐ' ಆಗುತ್ತದೆ, ಕ್ರಿಯಾಪದ ಮಾತ್ರ ಬೇರೆ ಬೇರೆ: ಐ ವಾಂಟ್, ಐ ನೋ, ಐ ಆಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ಸ್ಪೀಕ್ ಕನ್ನಡ, ಐ ಕ್ಯಾನ್ ಸ್ವಿಮ್. ನಿಮ್ಮ ಕಡೆ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳ ತೆಲುಗು, ಪೇಟೆಯ ಉರ್ದು ಬಲ್ಲವರು ಬಹಳ. ಆ ಎರಡರಲ್ಲೂ 'ನಾಕು ಕಾವಾಲಿ', 'ಮುಝೆ ಚಾಹಿಯೆ' ಎಂದು ಇದೇ ಕಟ್ಟು ಇರುವುದರಿಂದ ಮೂರು ಭಾಷೆ ಬಂದರೂ ಈ ತಪ್ಪಿನಿಂದ ಬಿಡುಗಡೆ ಇಲ್ಲ. ಇಂಥ ಹತ್ತು ವಾಕ್ಯಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಪ್ರತಿಯೊಂದನ್ನೂ ಒಂದೇ ಉಸಿರಿಗೆ ಹೇಳಿ ರೂಢಿ ಮಾಡಿಕೊಳ್ಳಿ.

ಎರಡನೇ ವಾರದಿಂದ ಪ್ರತಿ ಕ್ರಿಯಾಪದಕ್ಕೆ ನೋಟುಬುಕ್ಕಿನಲ್ಲಿ ಒಂದು ಪುಟ. ಆ ಪುಟದಲ್ಲಿ ಮೂರು ರೂಪ ಬರೆಯುವುದಲ್ಲ, ಆರು ವಾಕ್ಯ ಬರೆಯುವುದು. 'ಮೇಕ್' ಪುಟ ಹೀಗಿರಲಿ:

ದಿನಾ ಆರಕ್ಕ ಚಾ ಮಾಡ್ತೀನಿ. ಐ ಮೇಕ್ ಟೀ ಅಟ್ ಸಿಕ್ಸ್ ಎವ್ರಿ ಡೇ.
ಈಗ ಚಾ ಮಾಡಾಕತ್ತೀನಿ. ಐ ಆಮ್ ಮೇಕಿಂಗ್ ಟೀ.
ನಿನ್ನೆ ಚಾ ಮಾಡಿದೆ. ಐ ಮೇಡ್ ಟೀ ಯೆಸ್ಟರ್‌ಡೇ.
ನಾಳೆ ಮಾಡ್ತೀನಿ. ಐ ವಿಲ್ ಮೇಕ್ ಟೀ ಟುಮಾರೋ.
ನಾನು ಚಾ ಮಾಡಲಿಲ್ಲ. ಐ ಡಿಡ್ ನಾಟ್ ಮೇಕ್ ಟೀ.
ನೀವು ಚಾ ಮಾಡಿದಿರಾ? ಡಿಡ್ ಯು ಮೇಕ್ ಟೀ?

ಒಂದನೇ ಮತ್ತು ನಾಲ್ಕನೇ ಸಾಲನ್ನು ಎದುರುಬದುರು ಇಟ್ಟು ನೋಡಿ. ಕನ್ನಡದಲ್ಲಿ ದಿನಾ ಆದರೂ ನಾಳೆ ಆದರೂ 'ಮಾಡ್ತೀನಿ' ಒಂದೇ. ಇಂಗ್ಲಿಷಿನಲ್ಲಿ ದಿನದ ರೂಢಿಗೆ ಬರೀ 'ಮೇಕ್', ಮುಂದೆ ಮಾಡುವುದಕ್ಕೆ 'ವಿಲ್ ಮೇಕ್'. ಅತಿಥಿಗೆ 'ಐ ಬ್ರಿಂಗ್ ವಾಟರ್' ಎಂದರೆ ನೀರು ತರುವುದು ನಿಮ್ಮ ದಿನದ ಕೆಲಸ ಎಂದು ಹೇಳಿದ ಹಾಗಾಗುತ್ತದೆ. ಈಗ ತಂದುಕೊಡುತ್ತೇನೆ ಎನ್ನಲು 'ಐ ವಿಲ್ ಬ್ರಿಂಗ್ ವಾಟರ್' ಎನ್ನಬೇಕು.

ಎರಡನೇ ಸಾಲಿನಲ್ಲಿ ನಿಮ್ಮ ಸೀಮೆಯ ಮಾತು ಒಂದು ದೊಡ್ಡ ಉಪಕಾರ ಮಾಡುತ್ತದೆ. 'ಮಾಡಾಕತ್ತೀನಿ, ಹೋಗಾಕತ್ತೀನಿ' ಎನ್ನುವ ಕಡೆಯಲ್ಲೇ ಸಾಮಾನ್ಯವಾಗಿ 'ಆಮ್ ಮೇಕಿಂಗ್, ಆಮ್ ಗೋಯಿಂಗ್' ಬರುತ್ತದೆ. 'ನನಗ ಗೊತ್ತಾಗಿರಾಕತ್ತೈತಿ' ಎಂದು ಯಾರೂ ಅನ್ನುವುದಿಲ್ಲ. ಅದಕ್ಕೇ 'ಐ ಆಮ್ ನೋಯಿಂಗ್' ತಪ್ಪು, 'ಐ ನೋ' ಸರಿ. 'ಇಬ್ಬರು ಅಣ್ಣಾರು ಇರಾಕತ್ತಾರ' ಎಂದೂ ಅನ್ನುವುದಿಲ್ಲ. ಅದಕ್ಕೇ 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ತಪ್ಪು. ಇಂಗ್ಲಿಷಿನ 'ಇಂಗ್' ಚೆಂದ ಕೇಳಿಸುತ್ತದೆ ಎಂದು ಎಲ್ಲದಕ್ಕೂ ಹಚ್ಚುವ ಚಟ ಬಹಳ ಮಂದಿಗೆ ಇದೆ. 'ಆಕತ್ತೀನಿ' ಹಚ್ಚಿ ನೋಡಿ, ಒಗ್ಗದಿದ್ದರೆ ಬಿಟ್ಟುಬಿಡಿ.

ಐದನೇ ಸಾಲಿನ ತಪ್ಪು ಎಲ್ಲರಿಗೂ ಗೊತ್ತಿರುವುದೇ: 'ಐ ಡಿಡ್ ನಾಟ್ ಮೇಡ್', 'ಐ ಡಿಡ್ ನಾಟ್ ವೆಂಟ್'. ಇದಕ್ಕೆ ನಿಯಮ ಬಾಯಿಪಾಠ ಮಾಡಬೇಡಿ, ಕನ್ನಡವನ್ನೇ ಕೇಳಿಸಿಕೊಳ್ಳಿ. ಹೋದೆ ಎಂಬುದಕ್ಕೆ ಇಲ್ಲ ಸೇರಿದಾಗ 'ಹೋದಲಿಲ್ಲ' ಆಗುತ್ತದೆಯೇ? ಇಲ್ಲ, 'ಹೋಗಲಿಲ್ಲ'. ತಿಂದೆ ಎಂಬುದು 'ತಿಂದಲಿಲ್ಲ' ಆಗುವುದಿಲ್ಲ, 'ತಿನ್ನಲಿಲ್ಲ' ಆಗುತ್ತದೆ. ಇಲ್ಲ ಬಂದ ಕೂಡಲೇ ಕ್ರಿಯಾಪದ ತನ್ನ ಮೂಲಕ್ಕೆ ಹಿಂದಿರುಗುತ್ತದೆ, ಹಿಂದಿನ ಕಾಲವನ್ನು 'ಲಿಲ್ಲ' ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲೂ ಹಾಗೇ: ಹಿಂದಿನ ಕಾಲವನ್ನು 'ಡಿಡ್' ಹೊತ್ತುಕೊಂಡ ಮೇಲೆ 'ಗೋ' ಮೂಲರೂಪದಲ್ಲೇ ಉಳಿಯಬೇಕು. 'ಡಿಡ್ ನಾಟ್ ವೆಂಟ್' ಎಂದು ಬಾಯಿಗೆ ಬಂದಾಗಲೆಲ್ಲ 'ಹೋದಲಿಲ್ಲ' ಎಂದು ಒಮ್ಮೆ ಅಂದುಕೊಳ್ಳಿ, ಕಿವಿಯೇ ತಿದ್ದುತ್ತದೆ. ಪ್ರಶ್ನೆಗೂ ಅದೇ ಲೆಕ್ಕ: 'ಡಿಡ್ ಯು ಗೋ', 'ಡಿಡ್ ಯು ಈಟ್'. ಕ್ಯಾನ್, ವಿಲ್, ಮಸ್ಟ್ ಇವುಗಳ ಮುಂದೆಯೂ ಮೂಲರೂಪವೇ, ನಡುವೆ 'ಟು' ಬೇಡ.

ಆರು ಸಾಲು ಬರೆದ ಮೇಲೆ ಏಳನೆಯದನ್ನು 'ಶೀ' ಹಾಕಿ ಬರೆಯಿರಿ: 'ಶೀ ಮೇಕ್ಸ್ ಟೀ'. ನಮ್ಮಲ್ಲಿ ಮಾಡ್ತೀನಿ, ಮಾಡ್ತಿ, ಮಾಡ್ತಾನ, ಮಾಡ್ತಾಳ, ಮಾಡ್ತೈತಿ, ಮಾಡ್ತೀವಿ, ಮಾಡ್ತೀರಿ, ಮಾಡ್ತಾರ ಎಂದು ಬಾಲ ಬದಲಾಗುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಉಳಿದಿರುವುದು ಈ ಒಂದು 'ಸ್' ಮಾತ್ರ. ಹೀ, ಶೀ, ಇಟ್ ಅಥವಾ ಒಬ್ಬರ ಹೆಸರು ಬಂದಾಗ, ಅದೂ ದಿನದ ರೂಢಿಯ ಮಾತಿನಲ್ಲಿ ಮಾತ್ರ. ನಮ್ಮ ಮರ್ಯಾದೆ ಇಲ್ಲಿ ತೊಡಕು ತರುತ್ತದೆ. 'ನಮ್ಮ ಮಾಲೀಕರು ಒಂಬತ್ತಕ್ಕ ಬರ್ತಾರ' ಎಂದು ಬಹುವಚನದಲ್ಲಿ ಯೋಚಿಸಿ 'ಅವರ್ ಓನರ್ ಕಮ್' ಎಂದೋ 'ದೇ ಕಮ್' ಎಂದೋ ಹೇಳುತ್ತೇವೆ. ಇಂಗ್ಲಿಷ್ ತಲೆ ಎಣಿಸುತ್ತದೆ, ಮರ್ಯಾದೆ ನೋಡುವುದಿಲ್ಲ. ಮಾಲೀಕರು ಒಬ್ಬರಾದರೆ 'ಅವರ್ ಓನರ್ ಕಮ್ಸ್ ಅಟ್ ನೈನ್'. ಹಾಗೆಯೇ 'ಬಂದೆ', 'ತಿಂದ್ರು' ಎಂಬ ಒಂದೇ ಪದ ನಮಗೆ ವಾಕ್ಯವಾಗುತ್ತದೆ, ಯಾರು ಎಂಬುದು ಬಾಲದಲ್ಲೇ ಇದೆ. ಬರೀ 'ಕೇಮ್', 'ಏಟ್' ಎಂದರೆ ಅವರಿಗೆ ಯಾರೆಂದು ತಿಳಿಯದು. ಐ, ಯು, ಹೀ, ಶೀ, ವಿ, ದೇ ಇವನ್ನು ಯಾವತ್ತೂ ನುಂಗಬೇಡಿ.

ಈಗ 'ಮಾಡು'. ಅಡುಗೆ ಮಾಡು, ಫೋನ್ ಮಾಡು, ಸ್ನಾನ ಮಾಡು, ಊಟ ಮಾಡು, ನಿದ್ದೆ ಮಾಡು, ಜಗಳ ಮಾಡು, ತಪ್ಪು ಮಾಡು, ಸಹಾಯ ಮಾಡು. ಇಷ್ಟಕ್ಕೂ 'ಡು' ಹಚ್ಚಿದರೆ ಕೇಳಿದವರು ಕಂಗಾಲಾಗುತ್ತಾರೆ. ಇಲ್ಲಿ ನಿಜವಾದ ಅರ್ಥ ಇರುವುದು ಮೊದಲ ಪದದಲ್ಲಿ, 'ಮಾಡು' ಅದನ್ನು ಹೊರುವ ಬಂಡಿ ಮಾತ್ರ. ಇಂಗ್ಲಿಷಿಗೆ ಹೆಚ್ಚಾಗಿ ಬಂಡಿ ಬೇಕಾಗುವುದಿಲ್ಲ, ಮೊದಲ ಪದವೇ ಕ್ರಿಯಾಪದವಾಗುತ್ತದೆ: ಕುಕ್, ಕಾಲ್, ಈಟ್, ಸ್ಲೀಪ್, ಫೈಟ್, ಹೆಲ್ಪ್. ಸ್ನಾನಕ್ಕೆ 'ಟೇಕ್ ಎ ಬಾತ್', ತಪ್ಪಿಗೆ 'ಮೇಕ್ ಎ ಮಿಸ್ಟೇಕ್' ಎಂದು ಅಲ್ಲಿಯೂ ಬೇರೆ ಬಂಡಿ ಕಟ್ಟುತ್ತಾರೆ, ಇವನ್ನು ಇಡಿಯಾಗಿಯೇ ಕಲಿಯಬೇಕು. ಕೈಯಿಂದ ಏನಾದರೂ ತಯಾರಾಗಿ ಹೊರಬರುವುದಾದರೆ, ಅಂದರೆ ಚಾ, ರೊಟ್ಟಿ, ಹಾಸಿಗೆ ಇಂಥವುಗಳಿಗೆ 'ಮೇಕ್'. ರೊಟ್ಟಿ ಬಡಿಯುವುದಕ್ಕೂ 'ಮೇಕ್' ಸಾಕು: 'ಐ ಆಮ್ ಮೇಕಿಂಗ್ ಜೋಳದ ರೊಟ್ಟಿ'. ರೊಟ್ಟಿಯ ಹೆಸರನ್ನು ಕನ್ನಡದಲ್ಲೇ ಹೇಳಿ, ಅದನ್ನು ತಿನ್ನಲೆಂದೇ ಅವರು ಬಂದಿರುತ್ತಾರೆ.

'ಹಾಕು' ಇನ್ನೂ ಹೆಚ್ಚು ಒಡೆಯುತ್ತದೆ. ಸಾರಿಗೆ ಉಪ್ಪು ಹಾಕುವುದು ಆಡ್ ಅಥವಾ ಪುಟ್, ಲೋಟಕ್ಕೆ ಚಾ ಹಾಕುವುದು ಪೋರ್, ಬಾಗಿಲು ಹಾಕುವುದು ಕ್ಲೋಸ್, ಕೀಲಿ ಹಾಕುವುದು ಲಾಕ್, ಅಂಗಿ ಹಾಕಿಕೊಳ್ಳುವುದು ಪುಟ್ ಆನ್, ಗಿಡಕ್ಕೆ ನೀರು ಹಾಕುವುದು ವಾಟರ್, ರಿಜಿಸ್ಟರಿನಲ್ಲಿ ಸಹಿ ಹಾಕುವುದು ಸೈನ್. 'ಪುಟ್ ಯುವರ್ ಸೈನ್' ಬೇಡ, 'ಪ್ಲೀಸ್ ಸೈನ್ ಹಿಯರ್' ಸಾಕು. 'ತೆಗಿ' ಕೂಡ ಇದೇ ಜಾತಿ: ಬಾಗಿಲು ತೆಗೆಯುವುದು ಓಪನ್, ಫೋಟೋ ತೆಗೆಯುವುದು ಟೇಕ್, ಗುಡಿಯ ಹೊರಗೆ ಬೂಟು ತೆಗೆಯುವುದು ಟೇಕ್ ಆಫ್, ಎಟಿಎಮ್ಮಿನಲ್ಲಿ ರೊಕ್ಕ ತೆಗೆಯುವುದು ವಿತ್‌ಡ್ರಾ. ಲೈಟು ಹಚ್ಚುವುದಕ್ಕೆ 'ಓಪನ್ ದ ಲೈಟ್' ಅನ್ನುವವರಿದ್ದಾರೆ, ಅದು 'ಟರ್ನ್ ಆನ್'. ಒಲೆ ಹಚ್ಚುವುದು ಲೈಟ್, ಮೈಗೆ ಎಣ್ಣೆ ಹಚ್ಚುವುದು ಅಪ್ಲೈ, ಫೋನ್ ಹಚ್ಚುವುದು ಮತ್ತೆ ಕಾಲ್. ಇವನ್ನೆಲ್ಲ ಒಂದೇ ದಿನ ಕಲಿಯಲು ಹೋಗಬೇಡಿ. ನೋಟುಬುಕ್ಕಿನ ಹಿಂದಿನ ಪುಟದಲ್ಲಿ 'ಹಾಕು' ಎಂದು ತಲೆಬರಹ ಬರೆದಿಟ್ಟು, ದಿನದ ಕೆಲಸದಲ್ಲಿ ಆ ಮಾತು ಬಾಯಿಗೆ ಬಂದಾಗೆಲ್ಲ ಏನು ಹಾಕಿದೆ ಎಂದು ಒಂದು ಸಾಲು ಬರೆಯಿರಿ. ವಾರದಲ್ಲಿ ಪುಟ ತುಂಬುತ್ತದೆ. ಆಮೇಲೆ ಒಂದೊಂದಕ್ಕೆ ಇಂಗ್ಲಿಷ್ ಹುಡುಕಿ.

ಅತಿಥಿಗಳ ಜೊತೆ ತೊಂದರೆ ಕೊಡುವ ಇನ್ನು ಮೂರು ಇವೆ. 'ಕೇಳು' ನಮ್ಮಲ್ಲಿ ಪ್ರಶ್ನೆ ಕೇಳುವುದೂ ಹೌದು, ಹಾಡು ಕೇಳುವುದೂ ಹೌದು. ಪ್ರಶ್ನೆಯಾದರೆ ಆಸ್ಕ್, ತಾನಾಗಿ ಕಿವಿಗೆ ಬಿದ್ದರೆ ಹಿಯರ್, ಮನಸ್ಸಿಟ್ಟು ಕೇಳಿದರೆ ಲಿಸನ್ ಟು. 'ನೋಡು' ಕೂಡ ಹಾಗೆ: ಕಣ್ಣಿಗೆ ಬಿದ್ದರೆ ಸೀ, ತಿರುಗಿ ನೋಡಿದರೆ ಲುಕ್ ಅಟ್, ಟಿವಿ ಅಥವಾ ಆಟವನ್ನು ಕೂತು ನೋಡಿದರೆ ವಾಚ್. 'ಹೇಳು' ಎಂಬುದಕ್ಕೆ ಸೇ ಮತ್ತು ಟೆಲ್. ಟೆಲ್ ಆದರೆ ಯಾರಿಗೆ ಎಂಬುದು ಬೆನ್ನಿಗೇ ಬರಬೇಕು: 'ಟೆಲ್ ಮಿ', 'ಐ ಟೋಲ್ಡ್ ದ ಡ್ರೈವರ್'. 'ಹೀ ಸೇಡ್ ಮಿ' ಎಂಬುದು ಇಲ್ಲ. ಇನ್ನು ನಾವು 'ತಗೊಂಡು ಬಾ' ಎಂದು ಎರಡು ಪದ ಬಳಸುವಲ್ಲಿ ಅವರಿಗೆ ಬ್ರಿಂಗ್ ಒಂದೇ ಸಾಕು, 'ತಗೊಂಡು ಹೋಗು, ಕರಕೊಂಡು ಹೋಗು' ಎರಡಕ್ಕೂ ಟೇಕ್. 'ನಾಳೆ ಸಾಣಾಪುರ ಕೆರಿಗೆ ಕರಕೊಂಡು ಹೋಗ್ತೀನಿ' ಎಂಬುದು 'ಐ ವಿಲ್ ಟೇಕ್ ಯು ಟು ದ ಲೇಕ್ ಟುಮಾರೋ'.

ಐದನೇ ವಾರಕ್ಕೆ ಆ ಪಟ್ಟಿ ಹೊರತೆಗೆಯಿರಿ. ಆದರೆ ಅಕ್ಷರಮಾಲೆಯ ಕ್ರಮದಲ್ಲಿ ಓದಬೇಡಿ, ಮನೆತನ ಮಾಡಿ ಬರೆದುಕೊಳ್ಳಿ. ಈ ಮನೆತನಗಳು ನಮಗೆ ಹೊಸವಲ್ಲ. ಕೊಡು-ಕೊಟ್ಟೆ, ಬಿಡು-ಬಿಟ್ಟೆ, ಇಡು-ಇಟ್ಟೆ, ಸುಡು-ಸುಟ್ಟೆ, ನೆಡು-ನೆಟ್ಟೆ: ಕೊನೆಯ ಡಕಾರ ಟಕಾರವಾಗುತ್ತದೆ. ಸೆಂಡ್-ಸೆಂಟ್, ಸ್ಪೆಂಡ್-ಸ್ಪೆಂಟ್, ಲೆಂಡ್-ಲೆಂಟ್, ಬಿಲ್ಡ್-ಬಿಲ್ಟ್: ಅದೇ ಚಾಳಿ. ನಮ್ಮಲ್ಲಿ ಮಾಡು, ಹಾಡು, ನೋಡು ಈ ಗುಂಪಿಗೆ ಸೇರದೆ ಮಾಡಿದೆ, ಹಾಡಿದೆ, ನೋಡಿದೆ ಎಂದು ಸೀದಾ ನಡೆಯುವ ಹಾಗೆ, ಅವರಲ್ಲೂ ಎಂಡ್-ಎಂಡಿಡ್, ನೀಡ್-ನೀಡಿಡ್ ಸೀದಾ ನಡೆಯುತ್ತವೆ. ಬೀಳು-ಬಿದ್ದೆ, ಏಳು-ಎದ್ದೆ, ಕೀಳು-ಕಿತ್ತೆ ಇವುಗಳಲ್ಲಿ ದೀರ್ಘ ಹೋಗಿ ಹ್ರಸ್ವ ಬರುತ್ತದೆ. ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್, ಮೀಟ್-ಮೆಟ್, ಫೀಲ್-ಫೆಲ್ಟ್, ಲೀವ್-ಲೆಫ್ಟ್ ಇವುಗಳಲ್ಲೂ ದೀರ್ಘ ಮೊಟಕಾಗುತ್ತದೆ. ಬರು-ಬಂದೆ, ತರು-ತಂದೆ, ತಿನ್ನು-ತಿಂದೆ, ಅನ್ನು-ಅಂದೆ ಎಂದು ಬೇರೆ ಬೇರೆ ಪದಗಳು ಕೊನೆಗೆ ಒಂದೇ ದನಿಗೆ ಬಂದು ಸೇರುವ ಹಾಗೆ, ಬ್ರಿಂಗ್-ಬ್ರಾಟ್, ಬೈ-ಬಾಟ್, ಥಿಂಕ್-ಥಾಟ್, ಟೀಚ್-ಟಾಟ್, ಕ್ಯಾಚ್-ಕಾಟ್ ಒಂದು ದನಿಗೆ ಸೇರುತ್ತವೆ. ಬದಲಾಗದೆ ಕೂತಿರುವ ಪುಟ್, ಕಟ್, ಶಟ್, ಹಿಟ್, ಲೆಟ್, ಕಾಸ್ಟ್ ಇವುಗಳ ಕೊನೆಗೆ ಟಕಾರ ಮೊದಲೇ ಇದೆ. ಕೊಟ್ಟೆ, ಬಿದ್ದೆ, ತಂದೆ ಇವನ್ನು ನಾವು ಯಾರೂ ಪಟ್ಟಿ ನೋಡಿ ಕಲಿತದ್ದಲ್ಲ, ಕೇಳಿ ಕೇಳಿ ಬಂದವು. ಇಂಗ್ಲಿಷಿನವು ಕೂಡ ಹೀಗೆ ನಾಲ್ಕೈದನ್ನು ಒಟ್ಟಿಗೆ, ಗಟ್ಟಿಯಾಗಿ, ಲಯ ಹಿಡಿದು ಹೇಳಿದರೆ ಕೂರುತ್ತವೆ. ಗೋ-ವೆಂಟ್ ಮಾತ್ರ ಯಾವ ಮನೆಗೂ ಸೇರದು. ವೆಂಟ್ ಎಂಬುದು ವೆಂಡ್ ಎಂಬ ಬೇರೊಂದು ಹಳೆಯ ಕ್ರಿಯಾಪದದ ರೂಪ, ಗೋ ಮನೆಗೆ ಬಂದು ಸೇರಿಕೊಂಡದ್ದು. ಮೂಲದಲ್ಲಿ ಇದೂ ಸೆಂಡ್-ಸೆಂಟ್ ಬಳಗದ್ದೇ.

ಪಟ್ಟಿಯ ಮೂರನೇ ಕಾಲಮ್ಮನ್ನು ಸದ್ಯಕ್ಕೆ ಕಾಗದದಿಂದ ಮುಚ್ಚಿ. ಗಾನ್, ಈಟನ್, ಟೇಕನ್ ಇವು ಹ್ಯಾವ್ ಅಥವಾ ವಾಸ್ ಆಸರೆಯಿಲ್ಲದೆ ವಾಕ್ಯದ ಕ್ರಿಯಾಪದವಾಗಿ ನಿಲ್ಲುವುದಿಲ್ಲ, ಏಳನೇ ವಾರದ ತನಕ ನಿಮಗೆ ಬೇಡ. ಆಗಲೂ ಎರಡು ಕಡೆ ಮಾತ್ರ ಬೇಕಾಗುತ್ತವೆ. 'ಊಟ ಆಯ್ತಾ?' ಎನ್ನಲು 'ಹ್ಯಾವ್ ಯು ಈಟನ್?'. ಊರಿನ ಕಥೆ ಹೇಳುವಾಗ ಕನ್ನಡದ 'ಆಯ್ತು' ಬರುವ ಕಡೆ ವಾಸ್: ವಿಜಯನಗರ 1336ರಲ್ಲಿ ಸ್ಥಾಪನೆ ಆಯ್ತು, 'ಇಟ್ ವಾಸ್ ಫೌಂಡಿಡ್ ಇನ್ 1336', 1565ರ ಯುದ್ಧ ಆದ ಮೇಲೆ ಹಾಳಾಯ್ತು, 'ಇಟ್ ವಾಸ್ ಡಿಸ್ಟ್ರಾಯ್ಡ್'. ಯಾರು ಮಾಡಿದರು ಎಂದು ಹೇಳುವಾಗ ಎರಡನೇ ಕಾಲಮ್ಮೇ ಸಾಕು: 'ಕೃಷ್ಣದೇವರಾಯ ರೂಲ್ಡ್ ಫ್ರಮ್ 1509 ಟು 1529'.

ಇಲ್ಲಿ ಓದಿದವರೂ ಜಾರುವ ಒಂದು ಜಾಗ ಇದೆ. 'ನಿನ್ನೆ ಗಂಗಾವತಿಗೆ ಹೋಗಿದ್ದೆ' ಎಂದು ನಾವು ಸಹಜವಾಗಿ ಹೇಳುತ್ತೇವೆ. ಅದನ್ನೇ ತಿರುಗಿಸಿ 'ಐ ಹ್ಯಾಡ್ ಗಾನ್ ಟು ಗಂಗಾವತಿ ಯೆಸ್ಟರ್‌ಡೇ' ಎನ್ನುತ್ತೇವೆ. ನಿನ್ನೆ, ಹೋದ ವಾರ, ಎರಡು ದಿನದ ಹಿಂದೆ ಎಂದು ಹೊತ್ತು ಹೇಳಿದ ಮೇಲೆ ಹ್ಯಾಡ್ ಬೇಡ, ಹ್ಯಾವ್ ಸಹ ಬೇಡ. 'ಐ ವೆಂಟ್ ಟು ಗಂಗಾವತಿ ಯೆಸ್ಟರ್‌ಡೇ' ಅಷ್ಟೇ.

ಉಚ್ಚಾರದಲ್ಲಿ ಎಲ್ಲವನ್ನೂ ತಿದ್ದಿಕೊಳ್ಳುವ ಅಗತ್ಯವಿಲ್ಲ, ಆದರೆ ಅರ್ಥ ಕೆಡಿಸುವ ಕೆಲವನ್ನು ಬಿಡಬಾರದು. ವಾಂಟ್, ವೆಂಟ್, ವೋಂಟ್ ಮೂರೂ ಬೇರೆ: ಬೇಕು, ಹೋದೆ, ಆಗಲ್ಲ. 'ಐ ವಾಂಟ್ ಟು ಹಂಪಿ' ಎಂದರೆ ಹೋಗಿ ಬಂದ ವಿಷಯ ಅವರಿಗೆ ತಲುಪುವುದಿಲ್ಲ. ವರ್ಕ್ ಮತ್ತು ವಾಕ್ ಕೂಡ ಬೇರೆ. ಈಟ್ ಎಂಬುದು 'ಯೀಟ್' ಆಗದಂತೆ, ಓಪನ್ ಎಂಬುದು 'ವೋಪನ್' ಆಗದಂತೆ ಗಮನ ಕೊಡಿ. 'ಎಡ್' ಬರೆಯುವುದು ಒಂದೇ ಆದರೂ ದನಿ ಮೂರು. ಮೂಲಪದದ ಕೊನೆಯ ದನಿ ಹೇಳುವಾಗ ಗಂಟಲಿನ ಮೇಲೆ ಬೆರಳಿಡಿ. ನಡುಗದಿದ್ದರೆ ಟ್: ಕುಕ್ಟ್, ವಾಶ್ಟ್, ಹೆಲ್ಪ್ಟ್. ನಡುಗಿದರೆ ಡ್: ಕ್ಲೀನ್ಡ್, ಕಾಲ್ಡ್, ಸ್ಟೇಡ್. ಮೂಲದಲ್ಲೇ ಟ್ ಅಥವಾ ಡ್ ಇದ್ದರೆ ಮಾತ್ರ ಇಡ್: ವೇಟಿಡ್, ನೀಡಿಡ್, ವಾಂಟಿಡ್. 'ಕುಕ್ಕೆಡ್, ವಾಶೆಡ್, ಕ್ಲೀನೆಡ್' ಎಂದು ಅಕ್ಷರ ನೋಡಿ ಓದುವುದೇ ಇಲ್ಲಿಯ ತಪ್ಪು. ಹಾಗೆಯೇ ರೀಡ್ ಪದದ ಹಿಂದಿನ ರೂಪ ಬರೆಯುವಾಗ ಏನೂ ಬದಲಾಗದಿದ್ದರೂ ಓದುವುದು ರೆಡ್. ಆದ್ದರಿಂದ ಪುಟದ ಎಡಕ್ಕೆ ಇಂಗ್ಲಿಷ್ ಅಕ್ಷರ, ಬಲಕ್ಕೆ ಕನ್ನಡ ಅಕ್ಷರದಲ್ಲಿ ಉಚ್ಚಾರ, ಎರಡನ್ನೂ ಬರೆದಿಡಿ. ಕನ್ನಡದಲ್ಲಿ ಬರೆದುಕೊಳ್ಳಲು ನಾಚಬೇಡಿ, ಹ್ರಸ್ವ-ದೀರ್ಘವನ್ನು ಅದರಷ್ಟು ಚೊಕ್ಕವಾಗಿ ಇಂಗ್ಲಿಷ್ ಲಿಪಿ ತೋರಿಸದು.

ಮರ್ಯಾದೆಯ ವಿಷಯ ಒಂದಿದೆ. ಬರ್ರಿ, ಕುಂದರ್ರಿ, ಉಣ್ರಿ ಎನ್ನುವಾಗ ಆ 'ರಿ' ಒಳಗೇ ಗೌರವ ಕೂತಿದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲದ್ದರಿಂದ ಬರೀ 'ಕಮ್', 'ಸಿಟ್', 'ಗಿವ್ ಪಾಸ್‌ಪೋರ್ಟ್' ಎಂದರೆ ನಿಮ್ಮ ಮನಸ್ಸಿನಲ್ಲಿ ಎಷ್ಟೇ ಗೌರವವಿದ್ದರೂ ಗದರಿದ ಹಾಗೆ ಕೇಳಿಸುತ್ತದೆ. 'ಪ್ಲೀಸ್ ಕಮ್ ಇನ್', 'ಪ್ಲೀಸ್ ಸಿಟ್ ಡೌನ್', 'ಕ್ಯಾನ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?' ಎನ್ನಿ. ಹೊರಡುವಾಗ ನಾವು ಹೇಳುವ 'ಬರ್ತೀನ್ರೀ' ಕೂಡ ತಿರುಗಿಸಲು ಬರುವುದಿಲ್ಲ. 'ಐ ವಿಲ್ ಕಮ್' ಎಂದರೆ ಜೊತೆಗೆ ಬರುತ್ತೀರಿ ಎಂದುಕೊಂಡು ಅವರು ಕಾಯುತ್ತಾರೆ. 'ಸೀ ಯು ಟುಮಾರೋ' ಎನ್ನಿ.

ವಾರದ ಲೆಕ್ಕ ಹೀಗಿಟ್ಟುಕೊಳ್ಳಬಹುದು. ಮೊದಲ ವಾರ ಬಿ, ಹ್ಯಾವ್ ಎರಡೇ, ಅವುಗಳ ವಾಸ್, ವರ್, ಹ್ಯಾಡ್ ಸಹಿತ. ಎರಡನೆಯದು ಡು, ಗೋ, ಕಮ್, ವಾಂಟ್, ನೀಡ್, ಮೇಕ್. ಮೂರನೆಯದು ಗಿವ್, ಟೇಕ್, ಬ್ರಿಂಗ್, ಪುಟ್, ಗೆಟ್, ಬೈ. ನಾಲ್ಕರಲ್ಲಿ ಈಟ್, ಡ್ರಿಂಕ್, ಕುಕ್, ಕ್ಲೀನ್, ವಾಶ್, ಸ್ಲೀಪ್. ಐದರಲ್ಲಿ ಸೇ, ಟೆಲ್, ಆಸ್ಕ್, ಸ್ಪೀಕ್, ಹಿಯರ್, ಲಿಸನ್. ಆರರಲ್ಲಿ ಸೀ, ಲುಕ್, ನೋ, ಥಿಂಕ್, ಲೈಕ್, ಫೈಂಡ್. ಏಳರಲ್ಲಿ ಓಪನ್, ಕ್ಲೋಸ್, ವೇಟ್, ಪೇ, ಕಾಲ್, ಹೆಲ್ಪ್. ಎಂಟರಲ್ಲಿ ಸ್ಟೇ, ಲೀವ್ ಎರಡೇ, ಉಳಿದ ಹೊತ್ತು ಹಳೆಯ ಪುಟಗಳಿಗೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಇರುವವರು ನಾಲ್ಕನೇ ವಾರಕ್ಕೆ ಕಟ್, ಸ್ಟಿಚ್, ಐರನ್, ಪ್ಯಾಕ್ ಸೇರಿಸಿಕೊಳ್ಳಲಿ. ರಾಯಚೂರಿನ ಹತ್ತಿ ಮಾರುಕಟ್ಟೆ, ಸಿಂಧನೂರಿನ ಅಕ್ಕಿ ಗಿರಣಿಯವರಿಗೆ ವೇ, ಲೋಡ್, ಡ್ರೈ, ಸೆಲ್ ಬೇಕು. ಮೊದಲ ಮೂರು ವಾರ ಮಾತ್ರ ಯಾರಿಗೂ ಬದಲಾಗುವುದಿಲ್ಲ.

ಅರ್ಧ ತಾಸನ್ನು ಮೂರು ತುಂಡು ಮಾಡಿ. ಬೆಳಗ್ಗೆ ಹತ್ತು ನಿಮಿಷ ಆ ದಿನದ ಒಂದು ಕ್ರಿಯಾಪದದ ಆರು ವಾಕ್ಯ ಬರೆಯುವುದು, ಎಲ್ಲವೂ ನಿಮ್ಮ ಕೆಲಸದ ನಿಜವಾದ ವಾಕ್ಯಗಳಾಗಿರಬೇಕು. ಮಧ್ಯಾಹ್ನ ಪಾತ್ರೆ ತೊಳೆಯುವಾಗಲೋ ಹಾಸಿಗೆ ಮಡಚುವಾಗಲೋ ಹತ್ತು ನಿಮಿಷ ಗಟ್ಟಿಯಾಗಿ ಹೇಳುವುದು. ತುಟಿಯೊಳಗೆ ಅಂದುಕೊಂಡರೆ ಲೆಕ್ಕಕ್ಕಿಲ್ಲ, ನಾಲಿಗೆಗೆ ರೂಢಿಯಾಗದಿದ್ದರೆ ಎದುರು ಜನ ನಿಂತಾಗ ಅದು ಏಳುವುದಿಲ್ಲ. ರಾತ್ರಿ ಹತ್ತು ನಿಮಿಷ ಕನ್ನಡದ ಸಾಲು ಮಾತ್ರ ಕಾಣುವಂತೆ ಪುಟ ಮುಚ್ಚಿ, ಇಂಗ್ಲಿಷನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪುಟ ತೆರೆದು ಹೋಲಿಸುವುದು. ಬರೆದ ಪುಟವನ್ನು ಮರುದಿನ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಮತ್ತೆ ನೋಡಬೇಕು. ಪುಟದ ಮೂಲೆಯಲ್ಲಿ ಆ ತಾರೀಕುಗಳನ್ನು ಮೊದಲೇ ಬರೆದಿಟ್ಟರೆ ತಪ್ಪುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಕ್ರಿಯಾಪದ ಹಿಡಿಯಬೇಡಿ, ಒಂದನ್ನೇ ಹಿಡಿಯಿರಿ, ವಾರ ಉದ್ದವಾಗಲಿ.

ಎಂಟನೇ ವಾರದ ಕೊನೆಗೆ ನೋಟುಬುಕ್ ಮುಚ್ಚಿಟ್ಟು, ನಿನ್ನೆ ಮಾಡಿದ ಮೂರು ಕೆಲಸ, ಈಗ ಮಾಡುತ್ತಿರುವ ಒಂದು, ನಾಳೆ ಮಾಡುವ ಮೂರು, ಮಾಡದೇ ಉಳಿದ ಒಂದು, ಕೊನೆಗೆ ಅತಿಥಿಗೆ ಕೇಳುವ ಒಂದು ಪ್ರಶ್ನೆ, ಹೀಗೆ ಒಂಬತ್ತು ವಾಕ್ಯಗಳನ್ನು ನಿಲ್ಲದೆ ರೆಕಾರ್ಡ್ ಮಾಡಿ. ಯಾವ ವಾಕ್ಯದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ತಡೆದಿರೋ ಆ ಕ್ರಿಯಾಪದದ ಪುಟಕ್ಕೆ ಗುರುತು ಹಾಕಿ, ಮರುದಿನ ಬೆಳಗ್ಗೆ ಅದಕ್ಕೆ ಹೊಸದಾಗಿ ಆರು ವಾಕ್ಯ ಬರೆಯಿರಿ.